ವಾರ್ಸಾದ ದಾರಿ ಉಮದಿಯ ಮೇಲೆ ಹಾಯ್ದಿದೆ

ಮಾಡಗ್ಯಾಳ ಎಂದರೆ ಕುರಿ. ಜತ್ತ ತಾಲ್ಲೂಕಿನ ಈ ಊರಿನ ಹೆಸರು ತೆಗೆದರೆ ಸಾಕು, ಅತ್ತ ಸಾಂಗಲಿ, ಸೊಲ್ಲಾಪುರ, ಇತ್ತ ಅಥಣಿ, ವಿಜಯಪುರದ ತನಕ ಎಲ್ಲರ ಕಣ್ಣ ಮುಂದೆ ಬರುವುದು ಅದೇ ಟಗರು. ಗಿಣಿಮೂಗು, ಜೋಲು ಕಿವಿ, ಉದ್ದನೆಯ ಕಾಲು, ಬಿಳಿ ಮೈಮೇಲೆ ಕಂದು ಮಚ್ಚೆ, ಲಕ್ಷದ ಮಾತಿಲ್ಲದೆ ವ್ಯಾಪಾರ ಕುದುರದ ಗತ್ತು. ಅದು ಬಿಟ್ಟರೆ ಬರಗಾಲ. ಅದೂ ಬಿಟ್ಟರೆ ಗಡಿ ಜಗಳ. ಮನೆಮಾತು ಕನ್ನಡ, ಕಚೇರಿಮಾತು ಮರಾಠಿ. ನೀರು ಸಿಗದೆ ಬೇಸತ್ತು 2012ರಲ್ಲಿ ಸುತ್ತಲಿನ ಹಳ್ಳಿಗಳು ಕರ್ನಾಟಕಕ್ಕೇ ಹೋಗುತ್ತೇವೆ ಎಂದವು. 2022ರಲ್ಲಿ ಬಸವರಾಜ ಬೊಮ್ಮಾಯಿಯವರು ಜತ್ತದ ಹಳ್ಳಿಗಳ ಮಾತೆತ್ತಿದ ಮೇಲೆ ನಾಲ್ಕು ದಿನ ಟೀವಿಯವರು ಬಂದು ಹೋದರು. ಪತ್ರಿಕೆಗಳ ಲೆಕ್ಕದಲ್ಲಿ ಈ ಸೀಮೆಯ ಕಥೆ ಅಲ್ಲಿಗೆ ಮುಗಿಯಿತು.

ಆದರೆ ಮುಗಿದಿಲ್ಲ! ಪೋಲಂಡಿನ ರಾಜಧಾನಿ ವಾರ್ಸಾದಲ್ಲಿ ಹುಟ್ಟಿದ ಒಬ್ಬ ವಿದ್ಯುತ್ ಎಂಜಿನಿಯರ್ ಇದೇ ಕುರಿಗಳು ಮೇಯುವ ಬಯಲಿನ ಸುತ್ತ ಒಂದು ದೊಡ್ಡ ಸುತ್ತು ಹಾಕಿದ್ದಾರೆ. ಬೆಂಗಳೂರಿಗೆ ಬಂದರು, ಕಾಞಂಗಾಡಿನಲ್ಲಿ ಕಾವಿ ತೊಟ್ಟರು, ಆಟಪಾಡಿಯಲ್ಲಿ ಕೈದಿಗಳ ಬೇಡಿ ಬಿಚ್ಚಿಸಿದರು. ಕೊನೆಗೆ ಮುಂಬಯಿಯ ಗಲ್ಲಿಯೊಂದರ ಅಟ್ಟದಲ್ಲಿ, ಉಮದಿಯ ಗುರುವಿನ ಮೊಮ್ಮಗ-ಶಿಷ್ಯನ ಎದುರು ಕುಳಿತರು. ಅಲ್ಲಿ ಕೇಳಿದ ಮಾತನ್ನು ಜಗತ್ತಿಗೆಲ್ಲ ಕೇಳಿಸಿದರು. ಉಮದಿ ಯಾವುದು? ಮಾಡಗ್ಯಾಳದಂತೆಯೇ ಜತ್ತ ತಾಲ್ಲೂಕಿನದೇ ಊರು. ನಿತ್ಯ ಬಸ್ಸು ಹತ್ತಿ ಇಳಿಯುವ, ಜೋಳ ಮಾರುವ, ಬೀಗತನ ಮಾಡುವ ಊರು.

ಮೊದಲು ಉಮದಿಯನ್ನೇ ನೋಡೋಣ. 1843ರಲ್ಲಿ ಅಲ್ಲಿನ ದೇಶಪಾಂಡೆ ಮನೆತನದಲ್ಲಿ ವೆಂಕಟೇಶ ಎಂಬ ಹುಡುಗ ಹುಟ್ಟಿದ. ಮುಂದೆ ಅವರೇ ಭಾವೂಸಾಹೇಬ ಮಹಾರಾಜರು. ಅವರಿಗೆ ನಾಮದೀಕ್ಷೆ ಕೊಟ್ಟವರು ನಿಂಬರಗಿಯ ಮಹಾರಾಜರು. ನಿಂಬರಗಿಯವರು ಬಣ್ಣಗಾರಿಕೆಯ ನೀಲವಾಣಿ ಮನೆತನದವರು, ಲಿಂಗಾಯತರು. ‘ಬೋಧಸುಧೆ’ ಎಂಬ ಹೆಸರಿನಲ್ಲಿ ಅವರ ಉಪದೇಶ ಕನ್ನಡದಲ್ಲಿದೆ. ಲಿಂಗಾಯತ ಗುರು, ಬ್ರಾಹ್ಮಣ ಶಿಷ್ಯ. ಗುರುವಿನ ಉಪದೇಶ ಕನ್ನಡದಲ್ಲಿ, ಶಿಷ್ಯ ಪಾರಾಯಣಕ್ಕೆ ಹಿಡಿದದ್ದು ಮರಾಠಿಯ ದಾಸಬೋಧ. ಇವತ್ತು ನಾವು ಗಡಿಯ ಈಚೆ ಆಚೆ ನಿಂತು ಕೂಗಾಡುವ ಎಲ್ಲವನ್ನೂ ಈ ಮಂದಿ ನೂರೈವತ್ತು ವರ್ಷದ ಹಿಂದೆ ಒಂದೇ ಜಮಖಾನೆಯ ಮೇಲೆ ಕೂರಿಸಿ ಭಜನೆ ಮಾಡಿಸಿಬಿಟ್ಟಿದ್ದರು!

ಉಮದಿಯಿಂದ ಹೊರಟ ಭಾವೂಸಾಹೇಬರು ಮಠ ಕಟ್ಟಿದ್ದು ಈಗ ವಿಜಯಪುರ ಜಿಲ್ಲೆಯಲ್ಲಿರುವ ಇಂಚಗೇರಿಯಲ್ಲಿ. ಅಂದು ಗಡಿಯೆಂಬುದು ಇರಲಿಲ್ಲ, ಇದ್ದದ್ದು ಸಂಸ್ಥಾನಗಳ ಬೇಲಿ. ಭಕ್ತರು ಎತ್ತಿನ ಗಾಡಿ ಹೂಡಿಕೊಂಡು ಅದನ್ನು ದಾಟುತ್ತಿದ್ದರು. 1914ರಲ್ಲಿ ಅವರು ಸಮಾಧಿಸ್ಥರಾಗುವ ಹೊತ್ತಿಗೆ ಬೆಳೆದಿದ್ದ ಶಿಷ್ಯರ ಸಾಲು ನೋಡಿ ನಾನು ಬೆರಗಾದೆ. ಜಿಗಜೇವಣಿಯ ಅಂಬುರಾವ ಮಹಾರಾಜರಿದ್ದಾರೆ. ಇಂಚಗೇರಿಯ ಗಿರಿಮಲ್ಲೇಶ್ವರ ಮಹಾರಾಜರಿದ್ದಾರೆ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿ, ಎಳೆ ವಯಸ್ಸಿನಲ್ಲೇ ಭಾವೂಸಾಹೇಬರಿಂದ ನಾಮ ಪಡೆದು, ಅಲಹಾಬಾದ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ಪೀಠಕ್ಕೂ ಮುಂದೆ ಉಪಕುಲಪತಿಯ ಕುರ್ಚಿಗೂ ಏರಿದ ಗುರುದೇವ ರಾನಡೆ ಇದ್ದಾರೆ. ಉಪನಿಷತ್ತುಗಳ ಮೇಲೆ 1926ರಲ್ಲಿ ಅವರು ಬರೆದ ಹೊತ್ತಗೆಯನ್ನು ವಿದ್ವಾಂಸರು ಇನ್ನೂ ಓದುತ್ತಾರೆ. ಅಂಥವರು ರಜೆ ಬಂತೆಂದರೆ ಓಡಿ ಬರುತ್ತಿದ್ದುದು ನಿಂಬಾಳಕ್ಕೆ, ಸಣ್ಣ ರೈಲು ನಿಲ್ದಾಣದ ಆ ಬಿಸಿಲೂರಿಗೆ. 1957ರಲ್ಲಿ ದೇಹ ಬಿಟ್ಟದ್ದೂ ಅಲ್ಲೇ.

ಈ ಸಾಲಿನಲ್ಲೇ ಮತ್ತೊಬ್ಬರು, ನಮ್ಮ ಕಥೆಯ ಕೀಲಿ ಕೈಯಲ್ಲಿರುವವರು, ಸಿದ್ಧರಾಮೇಶ್ವರ ಮಹಾರಾಜರು. ಹುಟ್ಟಿದ್ದು 1888ರಲ್ಲಿ, ಸೊಲ್ಲಾಪುರ ಕಡೆಯ ಪಾಥರಿಯಲ್ಲಿ. ವಿಜಯಪುರದ ಮಾರವಾಡಿ ಪೇಢಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ತರುಣ. ಅಲ್ಲಿಂದ ಇಂಚಗೇರಿಗೆ ಹೋಗಿ ಭಾವೂಸಾಹೇಬರ ಕಾಲು ಹಿಡಿದರು. ವರ್ಷಗಟ್ಟಲೆ ನಾಮಸ್ಮರಣೆಯಲ್ಲಿ ಇರುವೆಯಂತೆ ಹರಿಯುವ ದಾರಿ ಒಂದಿದೆ, ವಿಚಾರದಿಂದ ಹಕ್ಕಿಯಂತೆ ಹಾರುವ ದಾರಿಯೂ ಒಂದಿದೆ ಎಂದು ಅವರು ಮುಂದೆ ಹೇಳತೊಡಗಿದರು. ಅವರು 1936ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಸಮಾಧಿ ಎಲ್ಲಿದೆ ಗೊತ್ತೆ? ಬಸವಣ್ಣನವರು ಹುಟ್ಟಿದ ಬಸವನ ಬಾಗೇವಾಡಿಯಲ್ಲಿ!

ಸಿದ್ಧರಾಮೇಶ್ವರರ ಬಳಿ 1933ರಲ್ಲಿ ಒಬ್ಬ ಬೀಡಿ ಅಂಗಡಿಯವರು ಬಂದರು. ಮಾರುತಿ ಶಿವರಾಮಪಂತ ಕಾಂಬಳಿ. ಅವರಿಗೆ ಗುರು ಸಿಕ್ಕಿ ಮೂರೇ ವರ್ಷಕ್ಕೆ ಗುರು ಹೋದರು, ಆದರೆ ಕೆಲಸ ಆಗಿಹೋಗಿತ್ತು. ಮುಂದೆ ಜಗತ್ತು ಅವರನ್ನು ನಿಸರ್ಗದತ್ತ ಮಹಾರಾಜ ಎಂದು ಕರೆಯಿತು. ಖೇತವಾಡಿಯ ಹತ್ತನೇ ಗಲ್ಲಿ, ಕಡಿದಾದ ಏಣಿ, ಸಣ್ಣ ಅಟ್ಟ, ಗೋಡೆಯ ತುಂಬ ಪರಂಪರೆಯ ಗುರುಗಳ ಚಿತ್ರ, ನಿತ್ಯ ಭಜನೆ. ಗುರುವಿನ ಗುರುವೆಂದು ಅಲ್ಲಿ ಹೂವೇರಿಸಿಕೊಳ್ಳುತ್ತಿದ್ದವರು ಉಮದಿಯ ದೇಶಪಾಂಡೆಯವರು. ಆ ಅಟ್ಟಕ್ಕೆ ಅಮೆರಿಕದಿಂದ, ಫ್ರಾನ್ಸಿನಿಂದ, ಎಲ್ಲೆಲ್ಲಿಂದಲೋ ಜನ ಬಂದು ಕಾಲು ಮಡಚಿ ಕೂತರು. ಬರುವಂತೆ ಮಾಡಿದ್ದು ಒಂದು ಪುಸ್ತಕ: 1973ರಲ್ಲಿ ಮುಂಬಯಿಯ ಚೇತನಾ ಪ್ರಕಾಶನದಿಂದ ಬಂದ ‘ಐ ಆಮ್ ದ್ಯಾಟ್’. ಮಹಾರಾಜರು ಮರಾಠಿಯಲ್ಲಿ ಆಡಿದ ಮಾತನ್ನು ಟೇಪಿನಲ್ಲಿ ಹಿಡಿದು ಇಂಗ್ಲಿಷಿಗೆ ತಂದವರ ಹೆಸರು ಮಾರಿಸ್ ಫ್ರೀಡ್‌ಮನ್. ಊರು ವಾರ್ಸಾ.

ವಾರ್ಸಾದ ಗಣ್ಯರನ್ನು ನೆನೆಯಿರಿ ಎಂದರೆ ಯಾರಾದರೂ ಎರಡು ಹೆಸರು ಹೇಳುತ್ತಾರೆ. ಫ್ರೇಟಾ ಬೀದಿಯ ಮನೆಯಲ್ಲಿ 1867ರಲ್ಲಿ ಹುಟ್ಟಿ, ಎರಡು ನೊಬೆಲ್ ಗೆದ್ದ ಮೇರಿ ಕ್ಯೂರಿ. ಇಪ್ಪತ್ತು ವರ್ಷದವನಿದ್ದಾಗ ಆ ಊರು ಬಿಟ್ಟು, ಮತ್ತೆ ಮರಳದೆ ಪ್ಯಾರಿಸಿನಲ್ಲಿ ಸತ್ತ ಸಂಗೀತಗಾರ ಶೋಪಾನ್. ಅವನ ಹೃದಯವನ್ನಷ್ಟೇ ತಂದು ಹೋಲಿ ಕ್ರಾಸ್ ಚರ್ಚಿನ ಕಂಬದೊಳಗೆ ಇಟ್ಟಿದ್ದಾರೆ. ಸ್ವಲ್ಪ ಹೆಚ್ಚು ಓದಿದವರು ಕ್ರೋಖ್ಮಾಲ್ನಾ ಬೀದಿಯಲ್ಲಿ ಬೆಳೆದ ಕಥೆಗಾರ ಐಸಾಕ್ ಬಾಶೆವಿಸ್ ಸಿಂಗರ್‌ನನ್ನೋ, ಜಗತ್ತಿಗೆಲ್ಲ ಒಂದೇ ಭಾಷೆ ಇರಲಿ ಎಂದು ಎಸ್ಪೆರಾಂಟೊ ಕಟ್ಟಿ, 1917ರಲ್ಲಿ ಅಲ್ಲೇ ಕಣ್ಣು ಮುಚ್ಚಿದ ವೈದ್ಯ ಜಾಮೆನ್‌ಹಾಫ್‌ನನ್ನೋ ನೆನೆದಾರು. ವಿಸ್ತುಲಾ ನದಿಯ ದಂಡೆಯ ಆ ನಗರ ಆಗ ರಷ್ಯದ ಜಾರ್‌ನ ಕೈಯಲ್ಲಿತ್ತು. ಊರಿನ ಮೂರರಲ್ಲಿ ಒಂದು ಪಾಲು ಯೆಹೂದಿಗಳು. ಆ ಜನಸಂದಣಿಯ ಒಂದು ಬಡ ಮನೆಯಲ್ಲಿ, ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ, ಫ್ರೀಡ್‌ಮನ್ ಹುಟ್ಟಿದ್ದು.

ಹುಡುಗನಿಗೆ ಯಂತ್ರದ ಹುಚ್ಚು. ಎಂಜಿನಿಯರಾಗಿ ಫ್ರಾನ್ಸಿಗೆ ಹೋದ, ವಿದ್ಯುತ್ ಉಪಕರಣಗಳ ಕಾರ್ಖಾನೆಯಲ್ಲಿ ದುಡಿದ, ಪೇಟೆಂಟುಗಳನ್ನೂ ಪಡೆದ. ಜೊತೆಗೆ ಇನ್ನೊಂದು ಹುಚ್ಚು ಹತ್ತಿತು: ನಾನು ಯಾರು? ಆಗಲೇ ಪ್ಯಾರಿಸಿಗೆ ಬಂದಿದ್ದ ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್‌ರ ಕಣ್ಣಿಗೆ ಈ ಎಂಜಿನಿಯರ್ ಬಿದ್ದ. ಬೆಂಗಳೂರಿನಲ್ಲಿ ಸರ್ಕಾರಿ ವಿದ್ಯುತ್ ಕಾರ್ಖಾನೆ ಏಳುತ್ತಿದೆ, ಬಂದು ನಡೆಸುತ್ತೀರಾ? ಭಾರತಕ್ಕೆ ಬರಲು ಕಾತರಿಸುತ್ತಿದ್ದವರಿಗೆ ಇದಕ್ಕಿಂತ ಬೇಕೆ! 1930ರ ದಶಕದ ನಡುವಿನಲ್ಲಿ ಅವರು ಬಂದೇ ಬಿಟ್ಟರು. ಮೈಸೂರು ರಸ್ತೆಯಲ್ಲಿ ಹೋಗುವಾಗ ನೀವು ಕವಿಕಾ ಎಂಬ ಫಲಕ ನೋಡಿರುತ್ತೀರಿ, ಟ್ರಾನ್ಸ್‌ಫಾರ್ಮರ್ ತಯಾರಿಸುವ ಕಾರ್ಖಾನೆ. ಆ ಕಾರ್ಖಾನೆಯನ್ನು ಮೊದಲ ದಿನಗಳಲ್ಲಿ ನಡೆಸಿದವರು ವಾರ್ಸಾದ ಈ ಮನುಷ್ಯ.

ಬಂದವರು ಬರಿಯ ನಟ್ಟು ಬೋಲ್ಟು ನೋಡಿಕೊಂಡಿರಲಿಲ್ಲ. ತಿರುವಣ್ಣಾಮಲೆಗೆ ಓಡಿದರು, ರಮಣ ಮಹರ್ಷಿಗಳ ಮುಂದೆ ಪ್ರಶ್ನೆಗಳ ಮಳೆ ಸುರಿಸಿದರು. 1939ರಲ್ಲಿ ಬಂದ ‘ಮಹರ್ಷೀಸ್ ಗಾಸ್ಪೆಲ್’ ಎಂಬ ಸಣ್ಣ ಪುಸ್ತಕದ ಹಿಂದಿನ ಕೈ ಅವರದೇ. ಕಾಸರಗೋಡು ಸೀಮೆಯ ಕಾಞಂಗಾಡಿಗೆ ಹೋದರು. ಅಲ್ಲಿನ ಆನಂದಾಶ್ರಮದ ಸ್ವಾಮಿ ರಾಮದಾಸರು ಸಂನ್ಯಾಸ ಕೊಟ್ಟು ಭಾರತಾನಂದ ಎಂದು ಕರೆದರು. ಸರ್ಕಾರಿ ಕಾರ್ಖಾನೆಯ ಸಾಹೇಬರು ಕಾವಿ ಉಟ್ಟು, ತಲೆ ಬೋಳಿಸಿಕೊಂಡು ಕೆಲಸಕ್ಕೆ ಬಂದರೆ ದಿವಾನರ ಪಾಡೇನು! ಮಿರ್ಜಾ ಸಾಹೇಬರಿಗೆ ಪೇಚು. ಫ್ರೀಡ್‌ಮನ್‌ಗೆ ಮಾತ್ರ ಯಾವ ಪೇಚೂ ಇದ್ದಂತಿಲ್ಲ. ಗಾಂಧಿಯವರ ಸೇವಾಗ್ರಾಮಕ್ಕೂ ಹೋಗಿ ಎಂಜಿನಿಯರ್ ಬುದ್ಧಿ ಓಡಿಸಿ ‘ಧನುಷ್ ತಕಲಿ’ ಎಂಬ ಸರಳ ನೂಲುವ ಸಾಧನ ಮಾಡಿಕೊಟ್ಟರು. ಗಾಂಧಿಯವರಿಗೆ ಅದು ಬಲು ಇಷ್ಟವಾಯಿತು.

ಈಗ ನಮ್ಮ ಬಯಲಿಗೆ ಬನ್ನಿ. ಬೆಂಗಳೂರಿನಲ್ಲಿ ಫ್ರೀಡ್‌ಮನ್‌ರಿಗೆ ಔಂಧ ಸಂಸ್ಥಾನದ ರಾಜಕುಮಾರ ಅಪ್ಪಾಸಾಹೇಬ ಪಂತರ ಗೆಳೆತನವಾಯಿತು. ಔಂಧವೆಂದರೆ ಒಂದೇ ಕಡೆ ಇದ್ದ ಸಂಸ್ಥಾನವಲ್ಲ, ಎಪ್ಪತ್ತೆರಡು ಹಳ್ಳಿಗಳು ಚೂರುಚೂರಾಗಿ ಚದುರಿದ್ದವು. ಒಂದು ಚೂರು ಸಾತಾರೆಯ ಕಡೆ, ಇನ್ನೊಂದು ಜತ್ತದ ನೆರೆಯ ಆಟಪಾಡಿ, ಮತ್ತೊಂದು ವಿಜಯಪುರದ ಕಡೆಯ ಗುಣದಾಳ, ಅಪ್ಪಟ ಕನ್ನಡ ನೆಲ. ರಾಜಾ ಭವಾನರಾವ್ ಪಂತಪ್ರತಿನಿಧಿ ಸೂರ್ಯನಮಸ್ಕಾರದ ಪ್ರಚಾರಕ್ಕೆ ಹೆಸರಾದವರು, ಚಿತ್ರವನ್ನೂ ಬರೆಯುತ್ತಿದ್ದರು. ರಾಜ್ಯವನ್ನು ಪ್ರಜೆಗಳಿಗೇ ಕೊಟ್ಟುಬಿಡಿ ಎಂಬ ಮಾತನ್ನು ಈ ಪೋಲಿಷ್ ಸಂನ್ಯಾಸಿ ಅವರ ಕಿವಿಗೆ ಹಾಕಿದರು. ಆಶ್ಚರ್ಯವೆಂದರೆ ರಾಜರು ಹೂಂ ಎಂದರು! 1938ರ ನವೆಂಬರಿನಲ್ಲಿ ಘೋಷಣೆ, ಗಾಂಧಿಯವರ ಸಲಹೆಯಂತೆ ಸಂವಿಧಾನದ ಕರಡು, 1939ರ ಜನವರಿಯಲ್ಲಿ ಜಾರಿ. ಹಳ್ಳಿ ಪಂಚಾಯಿತಿಯೇ ಬುಡ, ಅಲ್ಲಿಂದ ಮೇಲಕ್ಕೆ ಅಧಿಕಾರ. ದೇಶಕ್ಕೆ ಸ್ವಾತಂತ್ರ್ಯ ಬರಲು ಇನ್ನೂ ಎಂಟು ವರ್ಷ ಇರುವಾಗ ಗುಣದಾಳದ ಕನ್ನಡ ರೈತನಿಗೆ, ಆಟಪಾಡಿಯ ಕುರಿಗಾರ ಧನಗರನಿಗೆ ಸ್ವರಾಜ್ಯ ಬಂದಿತ್ತು. ಇದನ್ನು ಶಾಲೆಯಲ್ಲಿ ಯಾಕೆ ಯಾರೂ ನಮಗೆ ಹೇಳಲಿಲ್ಲ?

ಅಷ್ಟಕ್ಕೇ ನಿಲ್ಲಲಿಲ್ಲ. ಬೇಡಿ ಹಾಕಿಸಿಕೊಂಡ ಕೈದಿಗಳನ್ನು ಕಂಡ ಫ್ರೀಡ್‌ಮನ್ ಇವರನ್ನು ನನಗೆ ಕೊಡಿ ಎಂದು ಹಟ ಹಿಡಿದರು. ಆಟಪಾಡಿಯ ಹತ್ತಿರ ಬಯಲು ನೆಲದಲ್ಲಿ ವಸಾಹತು ಎದ್ದಿತು. ಗೋಡೆ ಇಲ್ಲ, ಬೇಡಿ ಇಲ್ಲ, ಕೈದಿಗಳು ತಮ್ಮ ಹೆಂಡತಿ ಮಕ್ಕಳ ಜೊತೆ ಬೇಸಾಯ ಮಾಡಿಕೊಂಡು ಇರುವುದು. ಹೆಸರು ಸ್ವತಂತ್ರಪುರ. ಅದು ಇವತ್ತಿಗೂ ಇದೆ. ವಿ. ಶಾಂತಾರಾಮರ ‘ದೋ ಆಂಖೇ ಬಾರಹ್ ಹಾಥ್’ ನೋಡಿದ್ದೀರಲ್ಲ, ಆರು ಮಂದಿ ಕೊಲೆಗಡುಕರನ್ನು ಬಂಜರು ನೆಲಕ್ಕೆ ಕರೆದೊಯ್ದು ಮನುಷ್ಯರನ್ನಾಗಿ ಮಾಡುವ ಜೈಲರ್? 1957ರ ಆ ಚಿತ್ರಕ್ಕೆ ಪ್ರೇರಣೆ ಈ ಸ್ವತಂತ್ರಪುರ. ಕಥೆ ಬರೆದ ಗ. ದಿ. ಮಾಡಗೂಳಕರರು ಹುಟ್ಟಿದ್ದೇ ಆಟಪಾಡಿ ಸೀಮೆಯಲ್ಲಿ. ಚಿತ್ರಕ್ಕೆ ಬರ್ಲಿನ್ ಉತ್ಸವದ ಬೆಳ್ಳಿ ಕರಡಿ ಸಿಕ್ಕಿತು. ಗ. ದಿ.ಯವರ ತಮ್ಮ ವ್ಯಂಕಟೇಶ ಮಾಡಗೂಳಕರರು ‘ಬನಗರವಾಡಿ’ ಬರೆದರು, ಇದೇ ಔಂಧದ ಕುರಿಗಾರರ ಹಟ್ಟಿಯೊಂದರ ಕಾದಂಬರಿ. ಅಂಥ ಕುರಿಗಾರರೇ ಇಂದಿಗೂ ಮಾಡಗ್ಯಾಳದ ಸಂತೆಗೆ ಟಗರು ಹೊಡೆದುಕೊಂಡು ಬರುವುದು. ನೋಡಿ, ಹೇಗೆ ಸುತ್ತಿ ಸುತ್ತಿ ಕುರಿಯ ಹತ್ತಿರವೇ ಬಂದೆವು!

ಇತ್ತ ಹೀಗೆ ಬೇಡಿ ಬಿಚ್ಚುತ್ತಿರುವಾಗ ಅತ್ತ ವಾರ್ಸಾದ ಮೇಲೆ ಏನು ಬಿತ್ತು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. 1939ರ ಸೆಪ್ಟೆಂಬರಿನಲ್ಲಿ ಹಿಟ್ಲರನ ಸೇನೆ ನುಗ್ಗಿತು. 1940ರ ನವೆಂಬರಿನಲ್ಲಿ ಯೆಹೂದಿ ಮೊಹಲ್ಲೆಯ ಸುತ್ತ ಗೋಡೆ ಎದ್ದಿತು, ಒಳಗೆ ನಾಲ್ಕು ಲಕ್ಷ ಜನ. 1942ರ ಬೇಸಿಗೆಯಲ್ಲಿ ಅವರನ್ನು ರೈಲಿನಲ್ಲಿ ತುಂಬಿ ತ್ರೆಬ್ಲಿಂಕಾದ ವಿಷಾನಿಲದ ಕೋಣೆಗಳಿಗೆ ಸಾಗಿಸಿದರು. 1943ರಲ್ಲಿ ಉಳಿದವರು ಬಂಡೆದ್ದರು, ನಾಜಿಗಳು ಮೊಹಲ್ಲೆಯನ್ನೇ ನೆಲಸಮ ಮಾಡಿದರು. ಮರುವರ್ಷ ಇಡೀ ನಗರ ಬಂಡೆದ್ದಿತು, ಇಡೀ ನಗರವನ್ನೇ ಸುಟ್ಟರು. ಈಗ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಹಳೆ ಪೇಟೆ ನಿಜಕ್ಕೂ ಹೊಸದು. ಹದಿನೆಂಟನೆಯ ಶತಮಾನದ ಚಿತ್ರಕಾರ ಬೆಲ್ಲೊಟ್ಟೊ ಬರೆದಿಟ್ಟ ಚಿತ್ರಗಳನ್ನೂ ಹಳೆಯ ನಕ್ಷೆಗಳನ್ನೂ ನೋಡಿ ಕಲ್ಲು ಕಲ್ಲಾಗಿ ಮತ್ತೆ ಕಟ್ಟಿದ್ದು. ಫ್ರೀಡ್‌ಮನ್ ಹುಟ್ಟಿದ ಯೆಹೂದಿ ವಾರ್ಸಾ ಮಾತ್ರ ಮತ್ತೆ ಏಳಲಿಲ್ಲ.

ಅದೇ 1943ರಲ್ಲಿ ನಮ್ಮ ಮಗ್ಗುಲಲ್ಲಿ ಏನಾಯಿತು ಗೊತ್ತೆ? ಪೋಲಂಡಿನ ಒಂದು ಪುಟ್ಟ ಊರೇ ಎದ್ದಿತು! ಮಿರಜದಿಂದ ಕೊಲ್ಹಾಪುರಕ್ಕೆ ಹೋಗುವ ರೈಲು ಹಾದಿಯಲ್ಲಿ, ವಳಿವಡೆಯಲ್ಲಿ. ಸ್ಟಾಲಿನ್ ಸೈಬೀರಿಯಕ್ಕೆ ಅಟ್ಟಿದ್ದ ಪೋಲಿಷ್ ಕುಟುಂಬಗಳು ಬಿಡುಗಡೆಯಾಗಿ, ಇರಾನಿಗೆ ಬಂದು, ಅಲ್ಲಿಂದ ಹಡಗು ಹತ್ತಿ ಭಾರತ ಸೇರಿದ್ದವು. ಜಾಮನಗರದ ಜಾಮಸಾಹೇಬರು ಮಕ್ಕಳನ್ನು ಬಾಲಾಚಡಿಯಲ್ಲಿ ಸಾಕಿದ ಕಥೆ ಎಲ್ಲರಿಗೂ ಗೊತ್ತು. ವಳಿವಡೆ ಅದಕ್ಕಿಂತ ಬಹಳ ದೊಡ್ಡದು. ಸುಮಾರು ಐದು ಸಾವಿರ ಜನ, ಹೆಚ್ಚಿನವರು ಹೆಂಗಸರು, ಮಕ್ಕಳು. ಸಾಲು ಸಾಲು ಹೆಂಚಿನ ಬರಾಕು, ಚರ್ಚು, ಶಾಲೆಗಳು, ಆಸ್ಪತ್ರೆ, ನಾಟಕ, ಸಿನಿಮಾ, ಸ್ಕೌಟು. ಪಂಚಗಂಗೆಯ ಸೀಮೆಯಲ್ಲಿ ಮಕ್ಕಳು ಪೋಲಿಷ್‌ನಲ್ಲಿ ಪಾಠ ಒಪ್ಪಿಸುತ್ತಿದ್ದರು, ಬಿಸಿಲಿನಲ್ಲಿ ಕ್ರಿಸ್‌ಮಸ್ ಹಾಡು ಹಾಡುತ್ತಿದ್ದರು. 1948ಕ್ಕೆ ಅವರು ಹೊರಟು ಹೋದರು. ಖಾಲಿ ಬರಾಕುಗಳಿಗೆ ದೇಶವಿಭಜನೆಯ ಸಿಂಧಿ ನಿರಾಶ್ರಿತರು ಬಂದರು. ಆ ಊರಿನ ಹೆಸರು ಗಾಂಧಿನಗರ.

ಹೌದು, ಅದೇ ಗಾಂಧಿನಗರ! ಬಟ್ಟೆಯ ಹೋಲ್‌ಸೇಲ್ ಪೇಟೆ. ಮದುವೆ ಗೊತ್ತಾದರೆ ಜತ್ತ, ಅಥಣಿ, ಚಿಕ್ಕೋಡಿಯ ಮಂದಿ ಗಾಡಿ ಮಾಡಿಕೊಂಡು ಸೀರೆ ಸಾಮಾನಿಗೆ ಹೋಗುವ ಜಾಗ. “ಯಪ್ಪಾ, ನಾವು ಸೀರಿ ತರೂ ಗಾಂಧಿನಗರದಾಗ ಪೋಲಂಡ್ ಮಂದಿ ಇದ್ರಾ?” ಎಂದು ಕೇಳದವರನ್ನು ನಾನು ಕಂಡಿಲ್ಲ. ಇದ್ದರು. ಅವರನ್ನು ಕಾಣಲು ಆಗಾಗ ಖಾದಿ ಸೀರೆ ಉಟ್ಟ ಒಬ್ಬ ಪೋಲಿಷ್ ಹೆಂಗಸು ಬರುತ್ತಿದ್ದರು, ವಾಂಡಾ ದಿನೋವ್ಸ್ಕಾ. ವಾರ್ಸಾದಲ್ಲಿ ಥಿಯಾಸಫಿ ಸಂಘ ಕಟ್ಟಿ ಬೆಳೆಸಿದವರು, 1935ರಲ್ಲಿ ಭಾರತಕ್ಕೆ ಬಂದು ಉಮಾದೇವಿ ಆದವರು. ನಿರಾಶ್ರಿತ ಮಕ್ಕಳಿಗೆ ಈ ದೇಶ ಯಾವುದು, ಇಲ್ಲಿನ ಜನ ಯಾರು ಎಂದು ಹೇಳಿಕೊಟ್ಟವರು. ಭಗವದ್ಗೀತೆಯನ್ನು ಪೋಲಿಷ್‌ಗೆ ತಂದರು. 1944ರಲ್ಲಿ ಫ್ರೀಡ್‌ಮನ್‌ರ ಜೊತೆಗೂಡಿ ‘ಪೋಲಿಷ್-ಭಾರತೀಯ ಗ್ರಂಥಮಾಲೆ’ ಹುಟ್ಟುಹಾಕಿದರು. ವಾರ್ಸಾ ಸುಟ್ಟು ಬೂದಿಯಾದ ವರ್ಷದಲ್ಲೇ ಇಲ್ಲಿ ಪೋಲಿಷ್ ಪುಸ್ತಕದ ಕೆಲಸ ಶುರುವಾಗಿತ್ತು! ಮುಂದೆ ಟಿಬೆಟಿನ ನಿರಾಶ್ರಿತರು ಬಂದಾಗ ಇಬ್ಬರೂ ಅವರ ಸೇವೆಗೆ ನಿಂತರು. ಆಕೆ 1971ರಲ್ಲಿ ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲಿ.

ಫ್ರೀಡ್‌ಮನ್ ಉಳಿದದ್ದು ಮುಂಬಯಿಯಲ್ಲಿ. ರಮಣರನ್ನು, ಗಾಂಧಿಯನ್ನು, ರಾಮದಾಸರನ್ನು, ಜಿಡ್ಡು ಕೃಷ್ಣಮೂರ್ತಿಯವರನ್ನು ಹತ್ತಿರದಿಂದ ಕಂಡ ಮನುಷ್ಯ ಇಳಿವಯಸ್ಸಿನಲ್ಲಿ ಬೀಡಿ ಅಂಗಡಿಯವರ ಅಟ್ಟದ ಏಣಿ ಹತ್ತಿದರು. ಹೆಚ್ಚು ಓದಿರದ, ಮುಲಾಜಿಲ್ಲದೆ ಮಾತಾಡುವ, ಬೀಡಿ ಸೇದುತ್ತಲೇ ವೇದಾಂತ ಹೇಳುವ ಆ ಗುರುವಿನ ಮುಂದೆ ಟೇಪ್ ರೆಕಾರ್ಡರ್ ಇಟ್ಟರು. ನನಗನ್ನಿಸುವುದು ಇಷ್ಟು: ಯಂತ್ರ ಬಿಚ್ಚಿ ಜೋಡಿಸುವ ಕೈಗೆ ಮಾತ್ರ ಆ ಕೆಲಸ ಒದಗುತ್ತಿತ್ತು. ಪುಸ್ತಕದಲ್ಲಿ ಭಕ್ತನ ಉಬ್ಬುಮಾತಿಲ್ಲ. ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ. ಪುಸ್ತಕ ಬಂದ ಕೆಲವೇ ವರ್ಷಕ್ಕೆ ಅವರು ತೀರಿಕೊಂಡಾಗ ನಿಸರ್ಗದತ್ತರೇ ಹಾಸಿಗೆಯ ಬಳಿ ಇದ್ದರು. ಮಹಾರಾಜರು ಹೋದದ್ದು 1981ರಲ್ಲಿ.

2024ರ ಆಗಸ್ಟ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ವಾರ್ಸಾಕ್ಕೆ ಹೋದಾಗ ಅಲ್ಲಿ ‘ಕೊಲ್ಹಾಪುರ ಸ್ಮಾರಕ’ಕ್ಕೆ ಹೂವಿಟ್ಟರು. ವಾರ್ಸಾದ ನಡುವೆ ಕೊಲ್ಹಾಪುರದ ಹೆಸರು! ಜಾಮಸಾಹೇಬರ ಹೆಸರಿನಲ್ಲೂ ಅಲ್ಲಿ ಒಂದು ಚೌಕವಿದೆ, ‘ಒಳ್ಳೆಯ ಮಹಾರಾಜ’ರ ಚೌಕ. ಪೋಲಂಡಿನವರಿಗೆ ನೆನಪು ಗಟ್ಟಿ. ವಳಿವಡೆಯಲ್ಲೂ 2019ರಲ್ಲಿ ಸ್ಮಾರಕ ಎದ್ದಿದೆ.

ಇದೆಲ್ಲ ನೋಡಬೇಕೆನಿಸಿದರೆ ವಿಮಾನ ಬೇಡ. ಮಾಡಗ್ಯಾಳದಲ್ಲಿ ಬೆಳಗಿನ ಚಹಾ ಕುಡಿದು ಹೊರಟರೆ ಹತ್ತಿರದಲ್ಲೇ ಗುಡ್ಡಾಪುರದ ದಾನಮ್ಮ ದೇವಿ, ಮುಂದೆ ಉಮದಿ, ಗಡಿ ದಾಟಿದರೆ ಇಂಚಗೇರಿಯ ಮಠ, ಅಲ್ಲಿಂದ ನಿಂಬಾಳ. ಮಠಗಳಲ್ಲಿ ಸಪ್ತಾಹ ನಡೆದಿದ್ದರೆ ಊಟಕ್ಕೆ ಕೂರಿಸದೆ ಕಳಿಸುವುದಿಲ್ಲ. ಹೊತ್ತಿದ್ದರೆ ಬಸವನ ಬಾಗೇವಾಡಿಗೂ ಹೋಗಿಬರಬಹುದು. ಸ್ವತಂತ್ರಪುರ ಇರುವುದು ಎದುರು ದಿಕ್ಕಿನಲ್ಲಿ, ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಗಾಂಧಿನಗರಕ್ಕೆ ಹೇಗೂ ಹೋಗುತ್ತೀರಿ. ಸೀರೆ ಆರಿಸುವವರು ಅಂಗಡಿಯಲ್ಲಿ ಕೂತರೆ ಬೇಗ ಏಳುವುದಿಲ್ಲ, ಅಷ್ಟರಲ್ಲಿ ವಳಿವಡೆಯ ಸ್ಮಾರಕ ನೋಡಿಕೊಂಡು ಬರಬಹುದು.